ಟ್ಯಾಲಿ ಲೈಟ್ ಆಯ್ಕೆ ಮಾಡುವ ಮುನ್ನ: ತಂತಿ, ವಿಡಿಯೋ ಕೇಬಲ್, ನೆಟ್‌ವರ್ಕ್, ವೈ-ಫೈ

ನೇರ ಪ್ರಸಾರದಲ್ಲಿ ಕ್ಯಾಮೆರಾ ಹಿಡಿದವರಿಗೆ ಸ್ವಿಚರ್, ಅಂದರೆ ಯಾವ ಕ್ಯಾಮೆರಾದ ಚಿತ್ರ ಪ್ರಸಾರಕ್ಕೆ ಹೋಗಬೇಕೆಂದು ಬದಲಾಯಿಸುವ ಸಾಧನ, ಕಾಣುವುದಿಲ್ಲ. ತನ್ನ ಚಿತ್ರ ಈಗ ಜನರ ಪರದೆಯ ಮೇಲಿದೆಯೋ, ಇಲ್ಲ ತಾನು ಮುಂದಿನ ಶಾಟ್ ಹುಡುಕಿಕೊಳ್ಳಬಹುದೋ ಎಂಬುದನ್ನು ಅವರಿಗೆ ಹೇಳುವುದು ಕ್ಯಾಮೆರಾ ಮೇಲಿನ ಒಂದು ಪುಟ್ಟ ದೀಪ. ಅದೇ ಟ್ಯಾಲಿ ಲೈಟ್. ಕೆಂಪು ಹತ್ತಿದರೆ ನೀವು ಪ್ರೋಗ್ರಾಂನಲ್ಲಿದ್ದೀರಿ, ಅಂದರೆ ಪ್ರಸಾರದಲ್ಲಿದ್ದೀರಿ, ಕೈ ಅಲ್ಲಾಡುವಂತಿಲ್ಲ. ಹಸಿರು ಹತ್ತಿದರೆ ಪ್ರಿವ್ಯೂನಲ್ಲಿದ್ದೀರಿ, ಮುಂದಿನ ಕಟ್ ನಿಮ್ಮದೇ ಇರಬಹುದು. ಎರಡೂ ಇಲ್ಲದಿದ್ದರೆ ಸದ್ಯಕ್ಕೆ ಬಿಡುವು.

ಇಷ್ಟೇ ಕೆಲಸಕ್ಕೆ ದಾರಿಗಳು ಮಾತ್ರ ಹಲವು. ಪ್ರತಿ ಕ್ಯಾಮೆರಾಗೂ ಒಂದೊಂದು ತಂತಿ ಎಳೆಯಬಹುದು, ವಿಡಿಯೋ ಕೇಬಲ್ ಒಳಗೇ ಟ್ಯಾಲಿ ಕಳಿಸಬಹುದು, ನೆಟ್‌ವರ್ಕ್ ಮೇಲೆ ಹಂಚಬಹುದು, ಫೋನಿನ ಪರದೆಯನ್ನೇ ದೀಪ ಮಾಡಿಕೊಳ್ಳಬಹುದು. ಆರಿಸುವಾಗ ಹೆಚ್ಚಿನವರು ನೋಡುವುದು ಬೆಲೆ, ದೂರ ಮತ್ತು ಕ್ಯಾಮೆರಾಗಳ ಸಂಖ್ಯೆ. ಅವೂ ಮುಖ್ಯವೇ. ಆದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ನಡುವೆ ಏನಾದರೂ ಕೈಕೊಟ್ಟರೆ ಆ ದೀಪ ಏನು ತೋರಿಸುತ್ತದೆ? ಟ್ಯಾಲಿ ಇಲ್ಲದ ಕ್ಯಾಮೆರಾದವರು ಎಚ್ಚರವಾಗಿರುತ್ತಾರೆ, ಇಂಟರ್‌ಕಾಮ್‌ಗೆ ಕಿವಿ ಕೊಟ್ಟಿರುತ್ತಾರೆ. ಟ್ಯಾಲಿ ಇದ್ದು ಅದು ತಪ್ಪು ಬಣ್ಣ ತೋರಿಸಿದರೆ, ಅದನ್ನೇ ನಂಬಿ ಪ್ರಸಾರದ ಮಧ್ಯೆ ಕ್ಯಾಮೆರಾ ತಿರುಗಿಸಿಬಿಡುತ್ತಾರೆ. ಈ ಹೋಲಿಕೆಯನ್ನು ಆ ಪ್ರಶ್ನೆ ಹಿಡಿದುಕೊಂಡೇ ಮಾಡಿದ್ದೇನೆ.

ದೀಪ ಹತ್ತುವ ಮೊದಲು ಸ್ವಿಚರ್ ಮಾಡುವ ಲೆಕ್ಕ

ಟ್ಯಾಲಿ ಎಂದರೆ ಯಾವ ಬಟನ್ ಒತ್ತಿದೆ ಎಂಬ ಸುದ್ದಿ ಅಷ್ಟೇ ಎಂದು ಅಂದುಕೊಂಡವರು ಬಹಳ. ಕಟ್ ಮಾತ್ರ ಬಳಸುವ ಕಾರ್ಯಕ್ರಮಕ್ಕೆ ಅದು ನಿಜವೂ ಹೌದು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಮಿಕ್ಸ್ ಬಳಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಮಿಕ್ಸ್ ಮಾಡಲು ಎಳೆಯುವ ಹಿಡಿಯಾದ ಟಿ-ಬಾರ್ ಅರ್ಧ ದಾರಿಯಲ್ಲಿರುವಾಗ ಒಂದನೇ ಕ್ಯಾಮೆರಾ ಮತ್ತು ಎರಡನೇ ಕ್ಯಾಮೆರಾ ಎರಡೂ ಪರದೆಯ ಮೇಲಿರುತ್ತವೆ, ಆದ್ದರಿಂದ ಎರಡೂ ದೀಪ ಕೆಂಪಗಿರಬೇಕು. ಟಿ-ಬಾರ್ ಪೂರ್ತಿ ಕೊನೆ ಮುಟ್ಟುವ ತನಕ ಹಳೆಯ ಕ್ಯಾಮೆರಾದ ಕೆಂಪು ಆರಬಾರದು.

ಮೂಲೆಯಲ್ಲೊಂದು ಪುಟ್ಟ ಚೌಕದಲ್ಲಿ ನಾಲ್ಕನೇ ಕ್ಯಾಮೆರಾ ತೋರಿಸುತ್ತಿದ್ದೀರಿ ಎಂದುಕೊಳ್ಳಿ. ಪ್ರೋಗ್ರಾಂ ಸಾಲಿನಲ್ಲಿ ಅದರ ಬಟನ್ ಹತ್ತಿರುವುದಿಲ್ಲ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಕೀಯರ್ ಮೂಲಕ ಅದು ಮೇಲೆ ಕೂತಿದೆ. ಆದರೂ ಅದರ ದೀಪ ಕೆಂಪಗಿರಬೇಕು. ಹಸಿರು ಪರದೆಯ ಮುಂದೆ ನಿಂತವರನ್ನು ಕ್ರೋಮಾ ಕೀ ಮಾಡಿ ಇನ್ನೊಂದು ಹಿನ್ನೆಲೆಯ ಮೇಲಿಟ್ಟಾಗಲೂ ಹೀಗೆಯೇ. ದೊಡ್ಡ ಸ್ವಿಚರ್‌ಗಳಲ್ಲಿ ಎರಡನೇ ಎಂ/ಇಯಲ್ಲಿ (ಚಿತ್ರಗಳನ್ನು ಬೆರೆಸುವ ಒಂದು ಘಟಕ) ಕಟ್ಟಿದ ಚಿತ್ರವನ್ನು ಮೊದಲನೇ ಎಂ/ಇಗೆ ಒಂದು ಮೂಲವಾಗಿ ತರುತ್ತಾರೆ. ಆಗ ಸ್ವಿಚರ್ ಹಿಂದಕ್ಕೆ ಹುಡುಕಿಕೊಂಡು ಹೋಗಿ, ಆ ಎರಡನೇ ಎಂ/ಇಯೊಳಗೆ ಯಾವ ಯಾವ ಕ್ಯಾಮೆರಾ ಸೇರಿದೆ ಎಂದು ಲೆಕ್ಕ ಹಾಕಿ ಅವುಗಳೆಲ್ಲದರ ದೀಪ ಹೊತ್ತಿಸಬೇಕು.

ಈ ಲೆಕ್ಕ ಎಲ್ಲಿ ನಡೆಯುತ್ತದೆ ಎಂಬುದು ಆಯ್ಕೆಯ ಮೊದಲ ಕವಲು. ಸ್ವಿಚರ್ ತಾನೇ ಲೆಕ್ಕ ಮಾಡಿ ಉತ್ತರ ಕೊಟ್ಟರೆ ನೀವು ನಿಶ್ಚಿಂತೆ. ಹೊರಗಿನ ಯಾವುದೋ ತಂತ್ರಾಂಶ ಸ್ವಿಚರ್‌ನ ಸ್ಥಿತಿ ಓದಿ ತಾನು ಲೆಕ್ಕ ಮಾಡುವುದಾದರೆ, ಅದು ಬರೀ ಪ್ರೋಗ್ರಾಂ-ಪ್ರಿವ್ಯೂ ಸಾಲು ಓದುತ್ತದೋ, ಕೀಯರ್‌ಗಳನ್ನೂ ಓದುತ್ತದೋ ಕೇಳಿ ತಿಳಿದುಕೊಳ್ಳಬೇಕು. ಕಂಪ್ಯೂಟರ್‌ನಲ್ಲೇ ಸ್ವಿಚರ್ ಕೆಲಸ ಮಾಡುವ ಒಬಿಎಸ್ ತಂತ್ರಾಂಶ ಬಳಸುವವರಿಗೆ ಇದು ಇನ್ನೂ ಮುಖ್ಯ. ಒಬಿಎಸ್ ಬದಲಾಯಿಸುವುದು ಸೀನ್‌ಗಳನ್ನು, ಕ್ಯಾಮೆರಾಗಳನ್ನಲ್ಲ. ಒಂದು ಸೀನ್ ಒಳಗೆ ಎರಡು ಕ್ಯಾಮೆರಾ ಇರಬಹುದು, ಒಂದು ಸೀನ್ ಒಳಗೆ ಇನ್ನೊಂದು ಸೀನ್ ಇರಬಹುದು. ಸೀನ್ ಹೆಸರನ್ನಷ್ಟೇ ನೋಡುವ ಟ್ಯಾಲಿ ಸಾಧನ ಅಲ್ಲಿ ಅರ್ಧ ಸತ್ಯ ಹೇಳುತ್ತದೆ. ಅಲ್ಲದೆ ಸ್ಟುಡಿಯೋ ಮೋಡ್ ಹಾಕದಿದ್ದರೆ ಒಬಿಎಸ್‌ನಲ್ಲಿ ಪ್ರಿವ್ಯೂ ಎಂಬುದೇ ಇರುವುದಿಲ್ಲ, ಹಸಿರು ದೀಪ ಎಂದೂ ಹತ್ತುವುದಿಲ್ಲ.

ಮುಖ್ಯ ಪ್ರಸಾರದ ಹೊರತಾಗಿ ಬೇರೆ ಚಿತ್ರ ಹೊರಗೆ ಕೊಡುವ ಆಕ್ಸ್ ಔಟ್‌ಪುಟ್ ಇನ್ನೊಂದು ತೊಡಕು. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ಆಕ್ಸ್ ಮೂಲಕ ಮೂರನೇ ಕ್ಯಾಮೆರಾ ಹೋಗುತ್ತಿದೆ, ಪ್ರಸಾರದಲ್ಲಿ ಮಾತ್ರ ಒಂದನೇ ಕ್ಯಾಮೆರಾ ಇದೆ. ಸಭಾಂಗಣದಲ್ಲಿ ಕೂತ ಎಲ್ಲರೂ ಮೂರನೇ ಕ್ಯಾಮೆರಾ ನೋಡುತ್ತಿದ್ದಾರೆ, ಅದರ ದೀಪ ಮಾತ್ರ ಆರಿದೆ. ಸಾಮಾನ್ಯವಾಗಿ ಟ್ಯಾಲಿ ಮುಖ್ಯ ಪ್ರೋಗ್ರಾಂಗೆ ಕಟ್ಟಿಕೊಂಡಿರುತ್ತದೆ. ಆಕ್ಸ್‌ಗೂ ಟ್ಯಾಲಿ ಬೇಕಿದ್ದರೆ ಅದನ್ನು ಬಿಡಿಸಿ ಕೊಡಬಲ್ಲ ಸ್ವಿಚರ್ ಅಥವಾ ಟ್ಯಾಲಿ ತಂತ್ರಾಂಶ ಬೇಕು. ಖರೀದಿಗೆ ಮುನ್ನ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಕಾರ್ಯಕ್ರಮದ ದಿನ ಎಲ್ಲರೂ ಕೇಳುತ್ತಾರೆ.

ಸಮಯದ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ದೀಪ ಎರಡು-ಮೂರು ಫ್ರೇಮ್ ತಡವಾದರೆ ಮನುಷ್ಯನ ಕೈಗೆ ಅದು ಗೊತ್ತಾಗದು. ಅರ್ಧ ಸೆಕೆಂಡ್ ತಡವಾದರೆ ಗೊತ್ತಾಗುತ್ತದೆ, ಅದೂ ಒಂದೇ ಕಡೆಯಿಂದ. ಕೆಂಪು ತಡವಾಗಿ ಆರಿದರೆ ನಷ್ಟವಿಲ್ಲ, ಕ್ಯಾಮೆರಾದವರು ಇನ್ನೊಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ. ಕೆಂಪು ತಡವಾಗಿ ಹತ್ತಿದರೆ ಆ ಅರ್ಧ ಸೆಕೆಂಡ್‌ನಲ್ಲಿ ಅವರು ಇನ್ನೂ ಫೋಕಸ್ ಹುಡುಕುತ್ತಿರುವುದು ಪ್ರಸಾರವಾಗಿಬಿಡುತ್ತದೆ. ಆದ್ದರಿಂದ ಯಾವುದೇ ವ್ಯವಸ್ಥೆಯ ವೇಗ ಅಳೆಯುವಾಗ ಹತ್ತುವ ವೇಗವನ್ನೇ ನೋಡಿ.

ತಂತಿ ಟ್ಯಾಲಿ

ಹಳೆಯದು, ಸರಳ, ಇಂದಿಗೂ ನನ್ನ ಪ್ರೀತಿಯದು. ಸ್ವಿಚರ್ ಹಿಂಬದಿಯಲ್ಲಿ 15 ಅಥವಾ 25 ಪಿನ್‌ನ ಡಿ-ಸಬ್ ಕನೆಕ್ಟರ್ ಇರುತ್ತದೆ. ಪ್ರತಿ ಕ್ಯಾಮೆರಾಗೆ ಒಂದು ಪಿನ್, ಎಲ್ಲಕ್ಕೂ ಸೇರಿ ಒಂದು ಕಾಮನ್. ಎರಡನೇ ಕ್ಯಾಮೆರಾ ಪ್ರೋಗ್ರಾಂಗೆ ಬಂದಾಗ ಸ್ವಿಚರ್ ಒಳಗಿನ ರಿಲೇ ಎರಡನೇ ಪಿನ್ನನ್ನು ಕಾಮನ್‌ಗೆ ಜೋಡಿಸುತ್ತದೆ. ಅಷ್ಟೇ. ಇದಕ್ಕೆ ಕಾಂಟ್ಯಾಕ್ಟ್ ಕ್ಲೋಶರ್ ಎನ್ನುತ್ತಾರೆ. ಸ್ವಿಚರ್ ವಿದ್ಯುತ್ ಕೊಡುವುದಿಲ್ಲ, ಸ್ವಿಚ್ ಹಾಕಿದ ಹಾಗೆ ದಾರಿ ಕೂಡಿಸುತ್ತದೆ. ದೀಪ ಉರಿಸುವ ವಿದ್ಯುತ್ ನಿಮ್ಮದು.

ಕೈಯಲ್ಲೇ ಮಾಡಿಕೊಳ್ಳುವವರಿಗೆ ಲೆಕ್ಕ ಇಲ್ಲಿದೆ. 12 ವೋಲ್ಟ್ ಅಡಾಪ್ಟರ್ ಇದೆ, ಒಂದು ಕೆಂಪು ಎಲ್‌ಇಡಿ ಇದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ನುಂಗುತ್ತದೆ, ಉಳಿದದ್ದು 10 ವೋಲ್ಟ್. 20 ಮಿಲಿಆಂಪಿಯರ್ ಹರಿಯಬೇಕಾದರೆ 500 ಓಮ್ ಬೇಕು. ಅಂಗಡಿಯಲ್ಲಿ ಸಿಗುವ 560 ಓಮ್ ರೆಸಿಸ್ಟರ್ ಹಾಕಿದರೆ 18 ಮಿಲಿಆಂಪಿಯರ್ ಹರಿಯುತ್ತದೆ, ಸಾಕಷ್ಟು ಬೆಳಕು. ಹಸಿರು ಎಲ್‌ಇಡಿ 3 ವೋಲ್ಟ್ ತೆಗೆದುಕೊಳ್ಳುವ ಬಗೆಯದಾದರೆ 470 ಓಮ್ ಸರಿಹೋಗುತ್ತದೆ. ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ತಂತಿ ಇರುವುದರಿಂದ ಒಂದೇ ಕೇಬಲ್‌ನಲ್ಲಿ ಏಳು ಕ್ಯಾಮೆರಾದ ಕೆಂಪು ಮತ್ತು ಒಂದು ಕಾಮನ್ ಸಾಗುತ್ತವೆ. ಕೆಂಪು-ಹಸಿರು ಎರಡೂ ಬೇಕಾದರೆ ಮೂರು ಕ್ಯಾಮೆರಾ.

ದೂರದ ಚಿಂತೆ ಬೇಡ. ಅಂಥ ಕೇಬಲ್‌ನ ಒಂದು ತಂತಿ 100 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 17 ಓಮ್ ಆಗುತ್ತದೆ. 20 ಮಿಲಿಆಂಪಿಯರ್‌ಗೆ ಅದರಲ್ಲಿ ಕಳೆದುಹೋಗುವುದು ಮೂರನೇ ಒಂದು ವೋಲ್ಟ್ ಮಾತ್ರ.

ಎಚ್ಚರ ಬೇಕಾದದ್ದು ಬೇರೆ ಕಡೆ. ಎಲ್ಲ ಸ್ವಿಚರ್‌ಗಳಲ್ಲೂ ರಿಲೇ ಇರುವುದಿಲ್ಲ. ಕೆಲವದರಲ್ಲಿ ಓಪನ್ ಕಲೆಕ್ಟರ್ ಇರುತ್ತದೆ, ಅಂದರೆ ಒಂದು ಟ್ರಾನ್ಸಿಸ್ಟರ್. ರಿಲೇಗೆ ಪ್ಲಸ್-ಮೈನಸ್ ಭೇದವಿಲ್ಲ, ಟ್ರಾನ್ಸಿಸ್ಟರ್‌ಗೆ ಇದೆ. ತಾಳುವ ವೋಲ್ಟೇಜ್ ಮತ್ತು ಕರೆಂಟ್‌ಗೂ ಮಿತಿ ಇದೆ. ಹಳೆಯ ಬಲ್ಬ್ ದೀಪಗಳನ್ನು ನೇರ ಅದಕ್ಕೆ ಕಟ್ಟಿದರೆ ಒಳಗಿನ ಭಾಗ ಸುಟ್ಟುಹೋಗಬಹುದು. ಕೈಪಿಡಿಯ ಪಿನ್ ಪಟ್ಟಿ ಓದದೆ ಬೆಸುಗೆ ಹಾಕಬೇಡಿ. ಓದುವಾಗ ಇನ್ನೊಂದನ್ನೂ ನೋಡಿ: ಆ ಕನೆಕ್ಟರ್ ಹಸಿರನ್ನೂ ಕೊಡುತ್ತದೋ, ಕೆಂಪು ಮಾತ್ರವೋ?

ಸ್ವಿಚರ್‌ನಲ್ಲಿ ಈ ಕನೆಕ್ಟರ್ ಇಲ್ಲದಿದ್ದರೂ ದಾರಿ ಇದೆ. ಬ್ಲ್ಯಾಕ್‌ಮ್ಯಾಜಿಕ್‌ನ ಎಟೆಮ್ ಸ್ವಿಚರ್‌ಗಳಿಗೆ ಅದೇ ಕಂಪನಿಯ ಜಿಪಿಐ ಮತ್ತು ಟ್ಯಾಲಿ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಇದೆ. ಅದು ಈಥರ್ನೆಟ್‌ನಲ್ಲಿ ಸ್ವಿಚರ್ ಜೊತೆ ಮಾತಾಡಿ 8 ರಿಲೇ ಸಂಪರ್ಕಗಳನ್ನು ಹೊರಗೆ ಕೊಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಂತಿ ಲೆಕ್ಕವೇ.

ಈಗ ನನ್ನ ಪ್ರಶ್ನೆಗೆ ಬರೋಣ. ತಂತಿ ಕಡಿದರೆ ದೀಪ ಆರುತ್ತದೆ. ಆರಿದ ದೀಪ ಎಂದರೆ ಬಿಡುವು ಎಂದೇ ಅರ್ಥವಾದ್ದರಿಂದ ಇದೂ ತಪ್ಪು ಸುದ್ದಿಯೇ, ಒಪ್ಪುತ್ತೇನೆ. ಆದರೆ ತಂತಿಯ ದೋಷ ಸಾಮಾನ್ಯವಾಗಿ ಅಡಗಿ ಕೂರುವುದಿಲ್ಲ. ಕಾರ್ಯಕ್ರಮಕ್ಕೆ ಮುನ್ನ ಒಂದು ಸುತ್ತು ಎಲ್ಲ ಬಟನ್ ಒತ್ತಿದರೆ ಕಡಿದ ತಂತಿ ಗೊತ್ತಾಗಿಬಿಡುತ್ತದೆ. ಆಗ ಸರಿ ಇದ್ದದ್ದು ಯಾರೂ ಎಡವದಿದ್ದರೆ ಕೊನೆಯ ತನಕ ಸರಿ ಇರುತ್ತದೆ. ಕೆಂಪು-ಹಸಿರು ಎರಡೂ ಇದ್ದರೆ ಇನ್ನೂ ಒಳ್ಳೆಯದು. ಹಸಿರು ಬಂದು ಕೆಂಪು ಬಾರದೆ ಎರಡೂ ಆರಿದರೆ ಕ್ಯಾಮೆರಾದವರಿಗೆ ಏನೋ ಸರಿಯಿಲ್ಲ ಎಂಬ ಸುಳಿವಾದರೂ ಸಿಗುತ್ತದೆ. ತಂತಿಯ ದೊಡ್ಡ ಕೊರತೆ ಎಂದರೆ ಓಡಾಡುವ ಕ್ಯಾಮೆರಾ. ಭುಜದ ಮೇಲೆ ಕ್ಯಾಮೆರಾ ಹೊತ್ತು ಜನರ ನಡುವೆ ನುಗ್ಗುವವರಿಗೆ ಇನ್ನೊಂದು ಬಾಲ ಕಟ್ಟುವುದು ನ್ಯಾಯವಲ್ಲ.

ವಿಡಿಯೋ ಕೇಬಲ್ ಒಳಗೇ ಬರುವ ಟ್ಯಾಲಿ

ದೊಡ್ಡ ಸ್ಟುಡಿಯೋ ಕ್ಯಾಮೆರಾಗಳಲ್ಲಿ ಟ್ಯಾಲಿ ಬೇರೆಯಾಗಿ ಇರುವುದೇ ಇಲ್ಲ. ಕ್ಯಾಮೆರಾದಿಂದ ಒಂದೇ ದಪ್ಪ ಕೇಬಲ್ ಸಿಸಿಯುಗೆ, ಅಂದರೆ ಕ್ಯಾಮೆರಾವನ್ನು ದೂರದಿಂದ ನಿಯಂತ್ರಿಸುವ ಪೆಟ್ಟಿಗೆಗೆ, ಹೋಗುತ್ತದೆ. ಹಿಂದೆ ಅದು ಟ್ರಯಾಕ್ಸ್; ಈಗ ಹೆಚ್ಚಾಗಿ ಎಸ್‌ಎಂಪಿಟಿಇ 311ಎಂ ಹೈಬ್ರಿಡ್ ಫೈಬರ್, ಅದರೊಳಗೆ ಎರಡು ಫೈಬರ್ ಎಳೆ, ವಿದ್ಯುತ್ ಮತ್ತು ಸಣ್ಣ ಸಂಕೇತಗಳಿಗೆ ತಾಮ್ರದ ತಂತಿಗಳು. ಚಿತ್ರ, ವಿದ್ಯುತ್, ಇಂಟರ್‌ಕಾಮ್, ರಿಟರ್ನ್ ವಿಡಿಯೋ (ಕ್ಯಾಮೆರಾಗೆ ವಾಪಸ್ ಬರುವ ಚಿತ್ರ), ಟ್ಯಾಲಿ ಎಲ್ಲವೂ ಆ ಒಂದೇ ಕೇಬಲ್‌ನಲ್ಲಿ. ಸ್ವಿಚರ್‌ನ ಟ್ಯಾಲಿ ತಂತಿ ಸಿಸಿಯು ಹಿಂಬದಿಯ ತನಕ ಬಂದರೆ ಸಾಕು, ಅಲ್ಲಿಂದ ವ್ಯೂಫೈಂಡರ್ ಒಳಗಿನ ಕೆಂಪು ಚುಕ್ಕೆಯ ತನಕ ಕ್ಯಾಮೆರಾ ವ್ಯವಸ್ಥೆ ನೋಡಿಕೊಳ್ಳುತ್ತದೆ. ಕೇಬಲ್ ಹೋದರೆ ಚಿತ್ರವೂ ಹೋಗುತ್ತದೆ. ದೀಪ ಮಾತ್ರ ಸುಳ್ಳು ಹೇಳುತ್ತ ಉಳಿಯುವ ಸನ್ನಿವೇಶ ಬರುವುದು ವಿರಳ. ನನ್ನ ಮಾನದಂಡದಲ್ಲಿ ಇದಕ್ಕೇ ಮೊದಲ ಸ್ಥಾನ. ಬೆಲೆಯಲ್ಲೂ ಮೊದಲ ಸ್ಥಾನ, ಹಾಗಾಗಿ ಎಲ್ಲರಿಗೂ ನಿಲುಕುವುದಲ್ಲ.

ಇದನ್ನೇ ಕಡಿಮೆ ಖರ್ಚಿನಲ್ಲಿ ಕೊಟ್ಟದ್ದು ಬ್ಲ್ಯಾಕ್‌ಮ್ಯಾಜಿಕ್. ಎಸ್‌ಡಿಐ ಎಂಬ ವಿಡಿಯೋ ಸಂಪರ್ಕ ಬಳಸುವ ಎಟೆಮ್ ಸ್ವಿಚರ್ ಹೊರಗೆ ಕೊಡುವ ಪ್ರೋಗ್ರಾಂ ಸಂಕೇತದ ಜೊತೆಗೆ, ಚಿತ್ರವಿಲ್ಲದ ಜಾಗದಲ್ಲಿ, ಟ್ಯಾಲಿಯ ಮಾಹಿತಿಯನ್ನೂ ಸೇರಿಸಿ ಕಳಿಸುತ್ತದೆ. ಆ ಸಂಕೇತವನ್ನು ಕ್ಯಾಮೆರಾದ ಎಸ್‌ಡಿಐ ಇನ್‌ಗೆ ವಾಪಸ್ ಕೊಟ್ಟರೆ ಕ್ಯಾಮೆರಾ ತನ್ನ ಸಂಖ್ಯೆ ನೋಡಿಕೊಂಡು ದೀಪ ಹೊತ್ತಿಸುತ್ತದೆ. ಇಲ್ಲಿ ಎರಡು ಷರತ್ತು. ಹೋಗಲು ಒಂದು, ಬರಲು ಒಂದು ಎಂದು ಪ್ರತಿ ಕ್ಯಾಮೆರಾಗೆ ಎರಡು ಕೇಬಲ್ ಬೇಕು. ಇನ್ನು, ಕ್ಯಾಮೆರಾದ ಮೆನುವಿನಲ್ಲಿ ಕೊಟ್ಟ ಸಂಖ್ಯೆಯೂ ಸ್ವಿಚರ್‌ನಲ್ಲಿ ಅದು ಚುಚ್ಚಿಕೊಂಡ ಇನ್‌ಪುಟ್ ಸಂಖ್ಯೆಯೂ ಒಂದೇ ಇರಬೇಕು. ಎರಡು ಕ್ಯಾಮೆರಾದ ಕೇಬಲ್ ಅದಲುಬದಲಾಗಿ ಸಂಖ್ಯೆ ಬದಲಾಯಿಸಲು ಮರೆತರೆ, ಒಬ್ಬರ ದೀಪ ಇನ್ನೊಬ್ಬರ ಕ್ಯಾಮೆರಾದಲ್ಲಿ ಹತ್ತುತ್ತದೆ. ಎರಡೂ ದೀಪ ಚೆನ್ನಾಗಿ ಉರಿಯುತ್ತಿರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಎಟೆಮ್ ಮಿನಿಯಂಥ ಎಚ್‌ಡಿಎಂಐ ಸ್ವಿಚರ್‌ಗಳಲ್ಲಿ ಅದೇ ಕಂಪನಿಯ ಹೊಂದುವ ಕ್ಯಾಮೆರಾಗಳಿಗೆ ಟ್ಯಾಲಿ ಎಚ್‌ಡಿಎಂಐ ಕೇಬಲ್‌ನಲ್ಲೇ ಹಿಂದಕ್ಕೆ ಹೋಗುತ್ತದೆ, ಎರಡನೇ ಕೇಬಲ್ ಬೇಡ. ಬೇರೆ ಕಂಪನಿಯ ಕ್ಯಾಮೆರಾ ತಂದು ಚುಚ್ಚಿದರೆ ಚಿತ್ರ ಬರುತ್ತದೆ, ದೀಪ ಹತ್ತುವುದಿಲ್ಲ.

ಈ ಬಗೆಯ ವ್ಯವಸ್ಥೆ ಕೈಕೊಡುವುದು ಮಧ್ಯದಲ್ಲಿ ಏನಾದರೂ ಸೇರಿಸಿದಾಗ. ಚಿತ್ರವನ್ನು ಬಿಡಿಸಿ ಮತ್ತೆ ಹೊಸದಾಗಿ ಕಟ್ಟುವ ಸ್ಕೇಲರ್, ಕನ್ವರ್ಟರ್‌ಗಳು ಚಿತ್ರವನ್ನು ಉಳಿಸಿ ಜೊತೆಗಿನ ಮಾಹಿತಿಯನ್ನು ಬಿಟ್ಟುಬಿಡಬಹುದು. ನಿಸ್ತಂತು ವಿಡಿಯೋ ಟ್ರಾನ್ಸ್‌ಮಿಟರ್‌ಗಳು ಹೆಚ್ಚಾಗಿ ಒಂದೇ ದಿಕ್ಕಿನವು. ಚಿತ್ರ ಕ್ಯಾಮೆರಾದಿಂದ ಬರುತ್ತದೆ, ಟ್ಯಾಲಿ ಕ್ಯಾಮೆರಾಗೆ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ. ಟ್ಯಾಲಿಯನ್ನೂ ಒಯ್ಯುತ್ತದೆ ಎಂದು ತಯಾರಕರೇ ಸ್ಪಷ್ಟವಾಗಿ ಹೇಳಿರುವ ಮಾದರಿ ಆಗಿದ್ದರೆ ಮಾತ್ರ ನಂಬಿ.

ನೆಟ್‌ವರ್ಕ್ ಟ್ಯಾಲಿ

ನ್ಯೂಟೆಕ್ ಕಂಪನಿ 2015ರಲ್ಲಿ ನೆಟ್‌ವರ್ಕ್ ಮೇಲೆ ವಿಡಿಯೋ ಕಳಿಸುವ ಎನ್‌ಡಿಐ ತಂದಾಗ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಟ್ಯಾಲಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡದ್ದು. ಕ್ಯಾಮೆರಾದಿಂದ ಚಿತ್ರ ಬರುವ ಸಂಪರ್ಕದಲ್ಲೇ ಸ್ವಿಚರ್ 'ನೀನು ಪ್ರೋಗ್ರಾಂನಲ್ಲಿದ್ದೀಯ', 'ನೀನು ಪ್ರಿವ್ಯೂನಲ್ಲಿದ್ದೀಯ' ಎಂದು ಕ್ಯಾಮೆರಾಗೆ ಹೇಳಿ ಕಳಿಸುತ್ತದೆ. ಹೊಂದಿಸುವ ಕೆಲಸ ಸುಮಾರಾಗಿ ಇಲ್ಲವೇ ಇಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಒಂದೇ ಕ್ಯಾಮೆರಾವನ್ನು ಹಲವರು ಪಡೆಯುತ್ತಿದ್ದರೆ, ಅವರಲ್ಲಿ ಯಾರೊಬ್ಬರು ಪ್ರೋಗ್ರಾಂ ಎಂದರೂ ದೀಪ ಕೆಂಪಾಗುತ್ತದೆ. ಪಕ್ಕದ ಕೋಣೆಯಲ್ಲಿ ರೆಕಾರ್ಡಿಂಗ್‌ಗೆಂದು ಇನ್ನೊಂದು ಕಂಪ್ಯೂಟರ್ ಅದೇ ಕ್ಯಾಮೆರಾವನ್ನು ತನ್ನ ಪ್ರೋಗ್ರಾಂನಲ್ಲಿಟ್ಟುಕೊಂಡಿದ್ದರೆ ಆ ಕ್ಯಾಮೆರಾ ದಿನವಿಡೀ ಕೆಂಪಗೇ ಇರುತ್ತದೆ. ಸದಾ ಕೆಂಪಗಿರುವ ದೀಪವನ್ನು ಹತ್ತು ನಿಮಿಷದಲ್ಲಿ ಯಾರೂ ನೋಡದಾಗುತ್ತಾರೆ.

ತಂತ್ರಾಂಶ ಸ್ವಿಚರ್‌ಗಳು ಟ್ಯಾಲಿ ಕೊಡುವ ರೀತಿ ಸರಳವಾಗಿದೆ. ವಿಮಿಕ್ಸ್‌ನ 8099ನೇ ಟಿಸಿಪಿ ಪೋರ್ಟ್‌ಗೆ ಸಂಪರ್ಕಿಸಿ ಟ್ಯಾಲಿ ಬೇಕು ಎಂದು ಕೇಳಿಕೊಂಡರೆ, ಬದಲಾವಣೆ ಆದಾಗಲೆಲ್ಲ ಅಂಕೆಗಳ ಒಂದು ಸಾಲು ಬರುತ್ತದೆ. ಪ್ರತಿ ಇನ್‌ಪುಟ್‌ಗೆ ಒಂದು ಅಂಕೆ: 0 ಎಂದರೆ ಇಲ್ಲ, 1 ಎಂದರೆ ಪ್ರೋಗ್ರಾಂ, 2 ಎಂದರೆ ಪ್ರಿವ್ಯೂ. '0120' ಎಂದು ಬಂದರೆ ಎರಡನೆಯದು ಕೆಂಪು, ಮೂರನೆಯದು ಹಸಿರು. ಒಬಿಎಸ್‌ನಲ್ಲಿ 28ನೇ ಆವೃತ್ತಿಯಿಂದ ವೆಬ್‌ಸಾಕೆಟ್ ಒಳಗೇ ಸೇರಿದೆ, ಪೋರ್ಟ್ 4455. ಎಟೆಮ್‌ನದು ಯುಡಿಪಿ 9910. ಹೆಸರು, ಸಂಖ್ಯೆ ಬೇರೆ ಬೇರೆ. ಮಾಡುವುದು ಒಂದೇ ಕೆಲಸ.

ದೊಡ್ಡ ಸ್ಟುಡಿಯೋಗಳ ನಡುವಿನ ಸಮಾನ ಭಾಷೆ ಟಿಎಸ್‌ಎಲ್. ಮಾನಿಟರ್‌ಗಳ ಕೆಳಗೆ ಹೆಸರು ತೋರಿಸುವ ಪಟ್ಟಿಗಳಿಗಾಗಿ ಹುಟ್ಟಿದ ಪ್ರೋಟೋಕಾಲ್ ಇದು, ಈಗ ಸ್ವಿಚರ್, ವಿಡಿಯೋ ರೂಟರ್, ಮಲ್ಟಿವ್ಯೂವರ್ ಎಲ್ಲವೂ ಮಾತಾಡುತ್ತವೆ. ಹೆಚ್ಚು ಬಳಕೆಯಲ್ಲಿರುವ 3.1 ಆವೃತ್ತಿಯ ಒಂದು ಸಂದೇಶ ಬರೀ 18 ಬೈಟ್: ಯಾರಿಗೆ ಎಂಬ ವಿಳಾಸ ಒಂದು ಬೈಟ್, ಯಾವ ದೀಪ ಎಂಬುದು ಒಂದು ಬೈಟ್, ಉಳಿದ 16 ಬೈಟ್ ಹೆಸರಿಗೆ. ಐಪಿ ಮೇಲೆ ಸಾಗುವ 5.0 ಆವೃತ್ತಿಯಲ್ಲಿ ಎಡದ ದೀಪ, ಬಲದ ದೀಪ, ಅಕ್ಷರ ಮೂರಕ್ಕೂ ಬೇರೆ ಬೇರೆಯಾಗಿ ಕೆಂಪು, ಹಸಿರು, ಅಂಬರ್ ಬಣ್ಣ ಕೊಡಬಹುದು. ನೀವು ಕೊಳ್ಳುವ ಸಾಧನ ಟಿಎಸ್‌ಎಲ್ ಬಲ್ಲುದಾದರೆ ನಾಳೆ ಸ್ವಿಚರ್ ಬದಲಾಯಿಸಿದರೂ ದೀಪಗಳು ಉಪಯೋಗಕ್ಕೆ ಬರುವ ಸಾಧ್ಯತೆ ಹೆಚ್ಚು.

ಕ್ಯಾಮೆರಾಗಳು ಮತ್ತು ಸ್ವಿಚರ್ ನಡುವೆ, ಯಾವ ಚಿತ್ರ ಎಲ್ಲಿಗೆ ಹೋಗಬೇಕೆಂದು ಜೋಡಿಸುವ ವಿಡಿಯೋ ರೂಟರ್ ಇದ್ದರಂತೂ ನೆಟ್‌ವರ್ಕ್ ಟ್ಯಾಲಿಯೇ ಬೇಕು. ಸ್ವಿಚರ್‌ಗೆ ತಿಳಿದಿರುವುದು ತನ್ನ ಐದನೇ ಇನ್‌ಪುಟ್ ಪ್ರಸಾರದಲ್ಲಿದೆ ಎಂಬುದು ಮಾತ್ರ. ಆ ಐದನೇ ಇನ್‌ಪುಟ್‌ಗೆ ರೂಟರ್ ಈಗ ಯಾವ ಕ್ಯಾಮೆರಾ ಕಳಿಸುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಟಿಎಸ್‌ಎಲ್ ಕಂಪನಿಯ ಟ್ಯಾಲಿಮ್ಯಾನ್‌ನಂಥ ಟ್ಯಾಲಿ ನಿಯಂತ್ರಕಗಳು ರೂಟರ್ ಮತ್ತು ಸ್ವಿಚರ್ ಎರಡನ್ನೂ ಕೇಳಿಸಿಕೊಂಡು ನಿಜವಾದ ಕ್ಯಾಮೆರಾವನ್ನು ಹುಡುಕಿ ದೀಪ ಹೊತ್ತಿಸುತ್ತವೆ.

ಸಣ್ಣ ತಂಡಗಳಿಗೆ ಟ್ಯಾಲಿ ಆರ್ಬಿಟರ್ ಎಂಬ ಮುಕ್ತ ತಂತ್ರಾಂಶ ಇದೆ. ರಾಸ್‌ಬೆರಿ ಪೈ ಮೇಲೂ ಓಡುತ್ತದೆ. ಎಟೆಮ್, ವಿಮಿಕ್ಸ್, ಒಬಿಎಸ್, ಟಿಎಸ್‌ಎಲ್ ಹೀಗೆ ಹಲವು ಕಡೆಯಿಂದ ಸುದ್ದಿ ತೆಗೆದುಕೊಂಡು ಫೋನ್, ಯುಎಸ್‌ಬಿ ದೀಪ, ಎಂ5ಸ್ಟಿಕ್‌ನಂಥ ಪುಟ್ಟ ಸಾಧನಗಳಿಗೆ ಹಂಚುತ್ತದೆ. ಎರಡು ಸ್ವಿಚರ್ ಒಟ್ಟಿಗೆ ಬಳಸುವಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ದೂರದಿಂದಲೇ ತಿರುಗಿಸಿ ಜೂಮ್ ಮಾಡುವ ಪಿಟಿಝಡ್ ಕ್ಯಾಮೆರಾಗಳಿಗೂ ಟ್ಯಾಲಿ ನೆಟ್‌ವರ್ಕ್‌ನಲ್ಲೇ ಹೋಗುತ್ತದೆ, ನಿಯಂತ್ರಣದ ಆದೇಶಗಳ ಜೊತೆಗೆ. ಅಲ್ಲಿ ಹಿಂದೆ ಯಾರೂ ನಿಂತಿರುವುದಿಲ್ಲವಾದ್ದರಿಂದ ಆ ದೀಪ ಎದುರಿಗಿರುವ ಮಾತುಗಾರರಿಗಾಗಿ. ಕ್ಯಾಮೆರಾ ತಿರುಗಿಸುವವರಿಗೆ ಟ್ಯಾಲಿ ಬೇಕಾದದ್ದು ಅವರ ಕೈಯಲ್ಲಿರುವ ಜಾಯ್‌ಸ್ಟಿಕ್ ಪಕ್ಕದಲ್ಲಿ.

ವೈ-ಫೈ ದೀಪ, ಫೋನ್ ದೀಪ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಹೊಸದಾಗಿ ಶುರು ಮಾಡುವವರು ಹೆಚ್ಚಾಗಿ ಹೋಗುವುದು ಈ ದಾರಿಗೇ. ವಿಮಿಕ್ಸ್‌ನ 8088 ಪೋರ್ಟ್‌ನ ಪುಟವನ್ನು ಫೋನಿನಲ್ಲಿ ತೆರೆದರೆ ಇಡೀ ಪರದೆಯೇ ಟ್ಯಾಲಿ. ರೋಲ್ಯಾಂಡ್‌ನ ವಿ-60ಎಚ್‌ಡಿಯಲ್ಲಿ ಸ್ಮಾರ್ಟ್ ಟ್ಯಾಲಿ ಎಂಬ ಇದೇ ಬಗೆಯ ಸೌಲಭ್ಯವಿದೆ. ಖರ್ಚಿಲ್ಲ, ಐದು ನಿಮಿಷದಲ್ಲಿ ಸಿದ್ಧ.

ಒಂದು ಸಲ ನಾನೂ ಹೀಗೆಯೇ ನಾಲ್ಕು ಪುಟ್ಟ ವೈ-ಫೈ ದೀಪ ಕಟ್ಟಿದ್ದೆ. ಖಾಲಿ ಸಭಾಂಗಣದಲ್ಲಿ ತಾಲೀಮು ನಡೆದಾಗ ಒಂದೂ ತಪ್ಪಲಿಲ್ಲ. ಸಂಜೆ ಜನ ಬಂದರು, ಎಲ್ಲರ ಕೈಯಲ್ಲೂ ಫೋನ್. ಕಾರ್ಯಕ್ರಮ ಶುರುವಾಗಿ ಸ್ವಲ್ಪ ಹೊತ್ತಿಗೆ ಎರಡನೇ ಕ್ಯಾಮೆರಾ ದೀಪದ ಸಂಪರ್ಕ ಕಡಿದುಹೋಗಿದೆ, ದೀಪ ಮಾತ್ರ ಕೊನೆಯದಾಗಿ ಕೇಳಿಸಿಕೊಂಡ ಹಸಿರಿನಲ್ಲೇ ನಿಂತಿದೆ. ನಾನು ಕಟ್ ಮಾಡಿದೆ. ಕ್ಯಾಮೆರಾದಾಕೆಗೆ ಹಸಿರೇ ಕಾಣುತ್ತಿತ್ತು. ಇನ್ನೂ ಸಮಯ ಇದೆ ಎಂದುಕೊಂಡು ಇನ್ನಷ್ಟು ಚೆನ್ನಾದ ಫ್ರೇಮ್‌ಗಾಗಿ ಜೂಮ್ ಹಿಂದಕ್ಕೆ ಎಳೆದು, ಎಡಕ್ಕೆ ತಿರುಗಿಸಿದರು. ವೇದಿಕೆಯ ಮೇಲೆ ಹಾಡುತ್ತಿದ್ದವರು ಚೌಕಟ್ಟಿನಿಂದ ಜಾರಿ ಹೋಗಿ, ಪರದೆಯ ಪಕ್ಕದಲ್ಲಿ ಪೇರಿಸಿಟ್ಟ ಕುರ್ಚಿಗಳು ಪ್ರಸಾರವಾದವು. ತಪ್ಪು ಅವರದಲ್ಲ. ಅವರು ದೀಪ ನೋಡಿಯೇ ಕೆಲಸ ಮಾಡಿದ್ದರು.

ಆ ದೀಪದ ತಂತ್ರಾಂಶದಲ್ಲಿ ನಾನು ಬರೆಯದೆ ಬಿಟ್ಟದ್ದು ಒಂದೇ ಸಂಗತಿ: ಇಂತಿಷ್ಟು ಹೊತ್ತು ಸುದ್ದಿ ಬಾರದಿದ್ದರೆ ಏನು ಮಾಡಬೇಕು ಎಂಬುದು. ಈಗ ನನ್ನ ಎಲ್ಲ ನೆಟ್‌ವರ್ಕ್ ದೀಪಗಳಿಗೂ ನಾಲ್ಕನೇ ಸ್ಥಿತಿ ಇದೆ. ಸರ್ವರ್‌ನಿಂದ ಪ್ರತಿ ಸೆಕೆಂಡಿಗೆ ಒಂದು ಮಿಡಿತ ಹೋಗುತ್ತದೆ. ಎರಡು ಸೆಕೆಂಡ್ ಮಿಡಿತ ಸಿಗದಿದ್ದರೆ ದೀಪ ನೀಲಿಯಾಗಿ ಮಿಟುಕುತ್ತದೆ. ನೀಲಿ ಎಂದರೆ 'ನನ್ನನ್ನು ನಂಬಬೇಡ, ಕಿವಿ ಕೊಟ್ಟು ಕೇಳು'. ಕೊಳ್ಳುವ ಸಾಧನದಲ್ಲೂ ಈ ನಾಲ್ಕನೇ ಸ್ಥಿತಿ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಎಷ್ಟೇ ಚೆಂದವಿದ್ದರೂ ನಾನು ಮುಟ್ಟುವುದಿಲ್ಲ.

ವೈ-ಫೈಯನ್ನೇ ಬಳಸುವುದಾದರೆ ಇನ್ನೂ ಕೆಲವು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11 ಈ ಮೂರೇ. ಎಂ5ಸ್ಟಿಕ್‌ನಂಥ ಅಗ್ಗದ ಸಾಧನಗಳಲ್ಲಿರುವ ಇಎಸ್‌ಪಿ32 ಚಿಪ್ ಕೆಲಸ ಮಾಡುವುದು ಅಲ್ಲೇ, ಜನರ ಫೋನುಗಳು ಮತ್ತು ಬ್ಲೂಟೂತ್ ತುಂಬಿಕೊಳ್ಳುವುದೂ ಅಲ್ಲೇ. ಸಭಾಂಗಣದ ವೈ-ಫೈಗೆ ಸೇರಿಸದೆ ನಿಮ್ಮದೇ ಪುಟ್ಟ ರೂಟರ್ ಒಯ್ಯಿರಿ, ಅದನ್ನು ಕ್ಯಾಮೆರಾಗಳಿಗೆ ಹತ್ತಿರ, ಜನರ ತಲೆಗಿಂತ ಮೇಲೆ ಇಡಿ. ಮನುಷ್ಯರ ದೇಹ ಈ ಅಲೆಗಳನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. 5 ಗಿಗಾಹರ್ಟ್ಸ್ ಬಲ್ಲ ಫೋನುಗಳನ್ನು ಅಲ್ಲಿಗೆ ಸರಿಸಿ. ಸಾಧನದೊಳಗಿನ ಪುಟ್ಟ ಬ್ಯಾಟರಿಯನ್ನು ನೆಚ್ಚದೆ ಪವರ್ ಬ್ಯಾಂಕ್ ಕಟ್ಟಿ. ಫೋನ್ ಆದರೆ ಪರದೆ ತಾನಾಗಿ ಆರದ ಹಾಗೆ, ಕರೆ ಬಾರದ ಹಾಗೆ ಮಾಡಿ. ಬ್ರೌಸರ್ ಹಿಂದಕ್ಕೆ ಸರಿದರೆ ಆ ಪುಟ ನಿದ್ದೆ ಹೋಗುತ್ತದೆ.

ತನ್ನದೇ ರೇಡಿಯೋ ಇರುವ ನಿಸ್ತಂತು ಟ್ಯಾಲಿ ಕಿಟ್‌ಗಳು ವೈ-ಫೈಗಿಂತ ಒಂದು ಮೆಟ್ಟಿಲು ಮೇಲೆ. ಸ್ವಿಚರ್ ಪಕ್ಕದ ಪೆಟ್ಟಿಗೆ ಡಿ-ಸಬ್ ಅಥವಾ ಈಥರ್ನೆಟ್‌ನಿಂದ ಟ್ಯಾಲಿ ಪಡೆದು ದೀಪಗಳಿಗೆ ನೇರವಾಗಿ ಕಳಿಸುತ್ತದೆ. ಓಡಾಡುವ ಕ್ಯಾಮೆರಾಗೆ ನನ್ನ ಆಯ್ಕೆ ಇದು.

ಬಣ್ಣ ಮತ್ತು ಕಣ್ಣು

ಕೆಂಪು-ಹಸಿರು ಭೇದ ಸರಿಯಾಗಿ ಕಾಣದ ಗಂಡಸರು ಕಡಿಮೆಯೇನಿಲ್ಲ, ಕೆಲವು ಜನಸಮುದಾಯಗಳಲ್ಲಿ 100ಕ್ಕೆ 8 ಮಂದಿ. ಟ್ಯಾಲಿಗೆ ನಾವು ಆರಿಸಿಕೊಂಡಿರುವುದು ಸರಿಯಾಗಿ ಆ ಎರಡು ಬಣ್ಣಗಳನ್ನೇ. ಬಣ್ಣದ ಜೊತೆಗೆ ಜಾಗವನ್ನೋ ಆಕಾರವನ್ನೋ ಬಳಸುವ ದೀಪ ಒಳ್ಳೆಯದು: ಕೆಂಪು ಪರದೆ ತುಂಬ, ಹಸಿರು ಅಂಚಿನಲ್ಲಿ ಮಾತ್ರ. ಹೊಸ ತಂಡದ ಜೊತೆ ಕೆಲಸ ಶುರು ಮಾಡುವಾಗ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿಬಿಡಿ, ನಾಚಿಕೆಯಿಂದ ಹೇಳದವರೇ ಹೆಚ್ಚು. ಬಣ್ಣಗಳ ಅರ್ಥವೂ ಎಲ್ಲೆಡೆ ಎರಡಕ್ಕೇ ನಿಲ್ಲುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಸ್ಟುಡಿಯೋ ಕ್ಯಾಮೆರಾಗಳಲ್ಲಿ ಕಿತ್ತಳೆ ಬಣ್ಣ ಬಂದರೆ ಅದು ಐಎಸ್‌ಒ ರೆಕಾರ್ಡಿಂಗ್, ಅಂದರೆ ಪ್ರಸಾರದಲ್ಲಿ ಇಲ್ಲ ಆದರೆ ಚಿತ್ರ ದಾಖಲಾಗುತ್ತಿದೆ.

ಮುಂದಿನ ದೀಪ ನಿರೂಪಕರಿಗೆ, ಹಿಂದಿನ ದೀಪ ಕ್ಯಾಮೆರಾದವರಿಗೆ. ಎರಡನ್ನೂ ಬೇರೆ ಬೇರೆಯಾಗಿ ಆಫ್ ಮಾಡಲು ಬರಬೇಕು. ಕ್ಯಾಮೆರಾ ಅಭ್ಯಾಸವಿಲ್ಲದವರ ಸಂದರ್ಶನದಲ್ಲಿ ಕೆಂಪು ದೀಪ ಕಂಡರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಕನ್ನಡಕ ಹಾಕಿದವರ ಗಾಜಿನಲ್ಲಿ ಅದರ ಪ್ರತಿಬಿಂಬವೂ ಕಾಣುತ್ತದೆ.

ಯಾರಿಗೆ ಯಾವುದು

ಎರಡು-ಮೂರು ಕ್ಯಾಮೆರಾ, ಎಲ್ಲವೂ ಟ್ರೈಪಾಡ್ ಮೇಲೆ, ಸ್ವಿಚರ್‌ನಲ್ಲಿ ಟ್ಯಾಲಿ ಕನೆಕ್ಟರ್ ಇದೆ: ಬೇರೇನೂ ಯೋಚಿಸದೆ ತಂತಿ ಎಳೆಯಿರಿ. ಒಂದು ಭಾನುವಾರದ ಕೆಲಸ. ಕ್ಯಾಮೆರಾ, ಸ್ವಿಚರ್ ಎರಡೂ ಇನ್ನೂ ಕೊಳ್ಳಬೇಕಾಗಿದೆ: ಒಂದೇ ಕಂಪನಿಯದನ್ನು ತೆಗೆದುಕೊಂಡು ಟ್ಯಾಲಿಯನ್ನು ವಿಡಿಯೋ ಕೇಬಲ್‌ನಲ್ಲೇ ಪಡೆಯಿರಿ, ರಿಟರ್ನ್ ಚಿತ್ರವೂ ಸಿಗುತ್ತದೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ತಂತ್ರಾಂಶ ಸ್ವಿಚರ್: ನೆಟ್‌ವರ್ಕ್ ಟ್ಯಾಲಿ, ಆದರೆ ದೀಪದ ತನಕ ಈಥರ್ನೆಟ್ ಕೇಬಲ್ ಎಳೆಯಲು ಆಗುವ ಕಡೆ ಎಳೆಯಿರಿ. ಪೂರ್ತಿ ಎನ್‌ಡಿಐ ಆದರೆ ಅದರಲ್ಲಿರುವುದೇ ಸಾಕು. ವಿಡಿಯೋ ರೂಟರ್ ಇರುವ ದೊಡ್ಡ ವ್ಯವಸ್ಥೆಗೆ ಟಿಎಸ್‌ಎಲ್ ಬಲ್ಲ ನಿಯಂತ್ರಕ ಬೇಕೇ ಬೇಕು. ಹೆಗಲ ಮೇಲಿನ ಕ್ಯಾಮೆರಾಗೆ ಸ್ವಂತ ರೇಡಿಯೋದ ಕಿಟ್. ಫೋನ್ ಟ್ಯಾಲಿ ಕಲಿಯುವ ಹಂತಕ್ಕೆ, ಸಣ್ಣ ಕೋಣೆಗೆ ಸರಿ.

ಎರಡು ಬಗೆ ಬೆರೆಸುವುದೂ ತಪ್ಪಲ್ಲ. ನಿಂತ ಕ್ಯಾಮೆರಾಗಳಿಗೆ ತಂತಿ, ಓಡಾಡುವ ಒಂದಕ್ಕೆ ರೇಡಿಯೋ ಎಂದು ಮಾಡಿಕೊಂಡರೆ ಒಂದು ಹೋದರೂ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಯಾವುದೇ ಇರಲಿ, 'ಎರಡು ರೆಡಿ, ಎರಡು ಟೇಕ್' ಎಂದು ಇಂಟರ್‌ಕಾಮ್‌ನಲ್ಲಿ ಹೇಳುವುದನ್ನು ಬಿಡಬೇಡಿ.

ಆರಿಸಿ ತಂದ ಮೇಲೆ ಪರೀಕ್ಷೆ ಹೀಗೆ ಮಾಡಿ. ಮೊದಲು ಪ್ರತಿ ಕ್ಯಾಮೆರಾವನ್ನು ಪ್ರಿವ್ಯೂಗೆ, ಪ್ರೋಗ್ರಾಂಗೆ ತಂದು, ಕ್ಯಾಮೆರಾ ಹಿಂದೆ ನಿಂತವರು ಗಟ್ಟಿಯಾಗಿ 'ಹಸಿರು', 'ಕೆಂಪು' ಎಂದು ಕೂಗಲಿ. ಆಮೇಲೆ ನಿಧಾನವಾಗಿ ಒಂದು ಮಿಕ್ಸ್ ಮಾಡಿ, ಟಿ-ಬಾರ್ ನಡುವೆ ನಿಲ್ಲಿಸಿ, ಎರಡು ಕೆಂಪು ಇದೆಯೇ ನೋಡಿ. ಮೂಲೆಯ ಚೌಕದಲ್ಲಿ ಒಂದು ಕ್ಯಾಮೆರಾ ಹಾಕಿ, ಅದು ಕೆಂಪಾಯಿತೇ ನೋಡಿ. ಇಡೀ ಚಿತ್ರವನ್ನು ಕಪ್ಪಾಗಿಸುವ ಫೇಡ್ ಟು ಬ್ಲ್ಯಾಕ್ ಒತ್ತಿದಾಗ ಕೆಂಪು ಉಳಿಯುತ್ತದೋ ಆರುತ್ತದೋ ಎಲ್ಲರೂ ತಿಳಿದುಕೊಳ್ಳಲಿ. ಕೊನೆಗೆ, ಒಂದನೇ ಕ್ಯಾಮೆರಾ ಹಸಿರಿನಲ್ಲಿರುವಾಗ ಅದರ ಟ್ಯಾಲಿ ಕೇಬಲ್ ಕಿತ್ತುಹಾಕಿ, ವೈ-ಫೈ ಆದರೆ ರೂಟರ್ ಆಫ್ ಮಾಡಿ, ಆಮೇಲೆ ಅದನ್ನು ಪ್ರೋಗ್ರಾಂಗೆ ತನ್ನಿ. ಹತ್ತು ಸೆಕೆಂಡ್ ಕಾದು, ದೀಪದಲ್ಲಿ ಏನು ಕಾಣುತ್ತಿದೆ ಎಂದು ಆ ಕ್ಯಾಮೆರಾದವರನ್ನು ಕೇಳಿ.